ಎಂಟು ದಿನಗಳ ವ್ಯಾಪಾರ ನಿಯೋಗ: ಸಣ್ಣ ಯಂತ್ರ ತಯಾರಕನೊಬ್ಬನ ವಿಮರ್ಶೆ

ಕಳೆದ ಸೆಪ್ಟೆಂಬರ್‌ನಲ್ಲಿ ಹದಿನಾಲ್ಕು ಸಣ್ಣ ಉದ್ಯಮಗಳ ಪ್ರತಿನಿಧಿಗಳಿದ್ದ ವ್ಯಾಪಾರ ನಿಯೋಗವೊಂದರ ಜೊತೆ ನಾನು ಎಂಟು ದಿನ ಕೀನ್ಯಾದಲ್ಲಿದ್ದೆ. ನಮ್ಮದು ಧಾನ್ಯವನ್ನು ಸ್ವಚ್ಛಗೊಳಿಸಿ ದರ್ಜೆವಾರು ಬೇರ್ಪಡಿಸುವ ಯಂತ್ರಗಳನ್ನು ತಯಾರಿಸುವ, ಇಪ್ಪತ್ತೆರಡು ಜನ ದುಡಿಯುವ ಕಾರ್ಖಾನೆ. ಅಲ್ಲಿಯವರೆಗೆ ನಾವು ಒಂದು ಯಂತ್ರವನ್ನೂ ಹೊರದೇಶಕ್ಕೆ ಕಳುಹಿಸಿದವರಲ್ಲ. ನಿಯೋಗವನ್ನು ಏರ್ಪಡಿಸಿದ ರಫ್ತು ಪ್ರೋತ್ಸಾಹಕ ಸಂಸ್ಥೆಯ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ಸೇವೆಯ ಗುಣದೋಷಗಳನ್ನಷ್ಟೇ ಬರೆಯುತ್ತಿದ್ದೇನೆ. ಮರಳಿದ ವಾರದಲ್ಲೇ ಅಭಿಪ್ರಾಯ ಬರೆದುಕೊಡಿ ಎಂದು ಸಂಸ್ಥೆಯವರು ಕೇಳಿದ್ದರು. ಆಗ ಬರೆದಿದ್ದರೆ ಬಸ್ಸು ಸಮಯಕ್ಕೆ ಬಂತೇ, ಸಭಾಂಗಣ ಚೆನ್ನಾಗಿತ್ತೇ ಎಂಬುದಕ್ಕಿಂತ ಹೆಚ್ಚಿನದನ್ನು ಹೇಳಲು ನನಗೆ ಸಾಧ್ಯವಾಗುತ್ತಿರಲಿಲ್ಲ. ಹತ್ತು ತಿಂಗಳು ಕಳೆದ ಮೇಲೆ ಹೇಳಲು ಸಾಕಷ್ಟಿದೆ.

ಮೊದಲು, ಈ ಸೇವೆ ಏನೆಂದು ತಿಳಿಯದವರಿಗಾಗಿ ಕೆಲವು ಮಾತು. ಸರ್ಕಾರದ ಇಲಾಖೆಯೋ ವಾಣಿಜ್ಯೋದ್ಯಮ ಮಂಡಳಿಯೋ ರಫ್ತು ಪ್ರೋತ್ಸಾಹಕ ಸಂಸ್ಥೆಯೋ ಒಂದು ಗುಂಪು ಉದ್ಯಮಿಗಳನ್ನು ಬೇರೊಂದು ದೇಶಕ್ಕೆ ಕರೆದೊಯ್ದು, ಅಲ್ಲಿನ ಆಮದುದಾರರು, ವಿತರಕರು, ಬ್ಯಾಂಕಿನವರು ಮತ್ತು ಅಧಿಕಾರಿಗಳನ್ನು ಮುಖಾಮುಖಿ ಭೇಟಿ ಮಾಡಿಸುವುದನ್ನು ವ್ಯಾಪಾರ ನಿಯೋಗ ಎನ್ನುತ್ತಾರೆ. ವೆಚ್ಚದ ಒಂದು ಭಾಗವನ್ನು ಸಾಮಾನ್ಯವಾಗಿ ಸರ್ಕಾರ ಭರಿಸುತ್ತದೆ, ಉಳಿದದ್ದನ್ನು ಉದ್ಯಮಿಯೇ ಕೊಡಬೇಕು. ದೊಡ್ಡ ಕಂಪನಿಗಳಿಗೆ ಹೊರದೇಶಗಳಲ್ಲಿ ತಮ್ಮದೇ ಕಚೇರಿ ಇರುತ್ತದೆ, ವಕೀಲರಿರುತ್ತಾರೆ. ಮಾಲೀಕನೇ ಲೆಕ್ಕವನ್ನೂ ಮಾರಾಟವನ್ನೂ ನೋಡಿಕೊಳ್ಳುವ ನಮ್ಮಂಥ ಕಡೆ ಅಂಥ ಯಾವುದೂ ಇಲ್ಲದಿರುವುದರಿಂದ, ಅಪರಿಚಿತ ದೇಶವೊಂದರ ಬಾಗಿಲನ್ನು ಯಾರಾದರೂ ಜೊತೆಗಿದ್ದು ತಟ್ಟಿಕೊಡುವುದು ಬಹು ದೊಡ್ಡ ನೆರವು.

ನಿಯೋಗಗಳ ಪ್ರಯೋಜನದ ಬಗ್ಗೆ ಸಂದೇಹ ಇಟ್ಟುಕೊಂಡೇ ನಾನು ಹೊರಟದ್ದು. ಕೆನಡಾ ದೇಶ 1994ರಿಂದ ಪ್ರಧಾನಿಯ ನೇತೃತ್ವದಲ್ಲಿ ‘ಟೀಮ್ ಕೆನಡಾ’ ಎಂಬ ಭಾರಿ ನಿಯೋಗಗಳನ್ನು ಚೀನಾ ಮೊದಲಾದ ಕಡೆಗೆ ಕಳುಹಿಸಿತು, ದೊಡ್ಡ ದೊಡ್ಡ ಒಪ್ಪಂದಗಳ ಘೋಷಣೆಯೂ ಆಯಿತು. ಆದರೆ 2010ರಲ್ಲಿ ಪ್ರಕಟವಾದ ಅರ್ಥಶಾಸ್ತ್ರಜ್ಞರ ವಿಶ್ಲೇಷಣೆಯೊಂದು, ನಿಯೋಗ ಹೋದ ದೇಶಗಳೊಂದಿಗೆ ಕೆನಡಾದ ವ್ಯಾಪಾರ ಮೊದಲೇ ಹೆಚ್ಚಾಗಿತ್ತು, ಅದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ನಿಯೋಗದಿಂದಲೇ ವ್ಯಾಪಾರ ಬೆಳೆಯಿತು ಎನ್ನಲು ಆಧಾರ ಸಿಗುವುದಿಲ್ಲ ಎಂದು ತೋರಿಸಿತು. ಇದನ್ನು ಓದಿದ್ದ ನಾನು, ದೇಶದ ಒಟ್ಟು ರಫ್ತಿನ ಅಂಕಿ ಏರುತ್ತದೆಯೇ ಎಂಬ ಪ್ರಶ್ನೆಯನ್ನು ಬದಿಗಿಟ್ಟೆ. ನನ್ನ ಯಂತ್ರ ಅಲ್ಲಿ ನಡೆಯುತ್ತದೆಯೇ, ನಡೆಯದಿದ್ದರೆ ಏಕೆ ಎಂಬುದು ಎಂಟು ದಿನಗಳಲ್ಲಿ ತಿಳಿದರೆ ಕೊಟ್ಟ ಶುಲ್ಕ ಸಾರ್ಥಕ ಎಂದು ಲೆಕ್ಕ ಹಾಕಿಕೊಂಡು ಹೊರಟೆ. ಈ ವಿಮರ್ಶೆಯನ್ನೂ ಅದೇ ಅಳತೆಗೋಲಿನಿಂದ ಬರೆದಿದ್ದೇನೆ.

ಕೀನ್ಯಾವನ್ನು ಆರಿಸಿಕೊಂಡದ್ದಕ್ಕೆ ಕಾರಣ ಮೆಕ್ಕೆಜೋಳ. ಅದು ಅಲ್ಲಿನ ಜನರ ಮುಖ್ಯ ಆಹಾರ. ಸರಿಯಾಗಿ ಒಣಗಿಸದ ಜೋಳದಲ್ಲಿ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದೆ. 2004ರಲ್ಲಿ ಆ ದೇಶದ ಪೂರ್ವ ಭಾಗದಲ್ಲಿ ಇಂಥ ಜೋಳ ತಿಂದು 317 ಜನ ಕಾಯಿಲೆ ಬಿದ್ದು, ಅವರಲ್ಲಿ 125 ಜನ ಸತ್ತರು. ಈಗ ಅಲ್ಲಿನ ಮಾನದಂಡದ ಪ್ರಕಾರ ಮೆಕ್ಕೆಜೋಳದ ತೇವಾಂಶ ಶೇ. 13.5ನ್ನು ಮೀರುವಂತಿಲ್ಲ, ಒಟ್ಟು ಅಫ್ಲಾಟಾಕ್ಸಿನ್ ಒಂದು ಕಿಲೋಗ್ರಾಂಗೆ 10 ಮೈಕ್ರೋಗ್ರಾಂ ದಾಟುವಂತಿಲ್ಲ. ಒಡಕು ಕಾಳು, ಜೊಳ್ಳು, ದೂಳುಗಳಲ್ಲಿ ಈ ವಿಷ ಹೆಚ್ಚಾಗಿ ಕೂಡಿಕೊಳ್ಳುವುದರಿಂದ ಅವನ್ನು ಬೇರ್ಪಡಿಸುವ ಯಂತ್ರಕ್ಕೆ ಅಲ್ಲಿ ಬೇಡಿಕೆ ಇದ್ದೇ ಇರುತ್ತದೆ ಎಂದು ನಾನು ಊಹಿಸಿದ್ದೆ. ಆ ಊಹೆ ತಪ್ಪಾಗಿರಲಿಲ್ಲ. ಯಾವ ಯಂತ್ರ, ಯಾರಿಗೆ ಎಂಬ ಊಹೆ ಮಾತ್ರ ಪೂರ್ತಿ ತಪ್ಪಾಗಿತ್ತು.

ಇಡೀ ಸೇವೆಯಲ್ಲಿ ನಾನು ಮನಸಾರೆ ಮೆಚ್ಚಿದ ಭಾಗ ಹೊರಡುವ ಮುಂಚಿನ ತಯಾರಿ. ಹತ್ತು ವಾರ ಮೊದಲೇ ಒಂದು ದೀರ್ಘ ಪ್ರಶ್ನಾವಳಿ ಬಂತು. ತಿಂಗಳಿಗೆ ಎಷ್ಟು ಯಂತ್ರ ಹೆಚ್ಚುವರಿಯಾಗಿ ತಯಾರಿಸಬಲ್ಲಿರಿ, ಬಿಡಿಭಾಗ ಎಷ್ಟು ದಿನದಲ್ಲಿ ತಲುಪಿಸಬಲ್ಲಿರಿ, ಹಣ ಬರುವುದು ಮೂರು ತಿಂಗಳು ತಡವಾದರೆ ಕಾರ್ಖಾನೆ ನಡೆಸಬಲ್ಲಿರಾ ಎಂಬಂಥ ಪ್ರಶ್ನೆಗಳು ಅದರಲ್ಲಿದ್ದವು. ಉತ್ತರ ನೋಡಿ ಅರ್ಜಿ ಹಾಕಿದ್ದ ಕೆಲವರಿಗೆ ಈ ವರ್ಷ ಬೇಡ, ಮುಂದಿನ ವರ್ಷ ಬನ್ನಿ ಎಂದು ಸಂಸ್ಥೆಯವರು ಹೇಳಿದರು. ಶುಲ್ಕ ಬರುತ್ತದೆಂದು ಎಲ್ಲರನ್ನೂ ಸೇರಿಸಿಕೊಳ್ಳದ ಈ ನಿಲುವು ನನಗೆ ಬಹಳ ಹಿಡಿಸಿತು.

ನಂತರ ನಡೆದ ಮೂರು ಪೂರ್ವಸಿದ್ಧತಾ ಸಭೆಗಳಲ್ಲಿ ಎರಡನೆಯದು ಅತ್ಯಂತ ಉಪಯುಕ್ತವಾಗಿತ್ತು. ಕಸ್ಟಮ್ಸ್ ಕೆಲಸದಲ್ಲಿ ಪಳಗಿದ ಅಧಿಕಾರಿಯೊಬ್ಬರು ಪ್ರತಿಯೊಬ್ಬರ ಉತ್ಪನ್ನದ ಎಚ್‌ಎಸ್ ಕೋಡ್, ಅಂದರೆ ಸುಂಕಕ್ಕಾಗಿ ಸರಕನ್ನು ವರ್ಗೀಕರಿಸುವ ಸಂಖ್ಯೆ, ಸರಿಯಿದೆಯೇ ಎಂದು ಪರಿಶೀಲಿಸಿದರು. ಆರು ಅಂಕಿಗಳವರೆಗೆ ಈ ಕೋಡ್ ಜಗತ್ತಿನ ಬಹುತೇಕ ಎಲ್ಲ ದೇಶಗಳಲ್ಲೂ ಒಂದೇ ಆಗಿರುತ್ತದೆ. ಧಾನ್ಯ ಸ್ವಚ್ಛಗೊಳಿಸುವ ಯಂತ್ರಕ್ಕೆ 8437.10. ನಾನು ಅದನ್ನು ಧಾನ್ಯ ಒಣಗಿಸುವ ಯಂತ್ರಗಳ ಶೀರ್ಷಿಕೆಯಾದ 8419ರ ಕೆಳಗೆ ಬರೆದಿದ್ದೆ. ಕೋಡ್ ತಪ್ಪಿದರೆ ಸುಂಕದ ಲೆಕ್ಕವೂ ತಪ್ಪುತ್ತದೆ, ಬಂದರಿನಲ್ಲಿ ಸರಕು ನಿಂತ ಪ್ರತಿ ದಿನಕ್ಕೂ ಬಾಡಿಗೆ ಬೆಳೆಯುತ್ತದೆ.

ಅದೇ ಸಭೆಯಲ್ಲಿ ತಿಳಿದ ಇನ್ನೊಂದು ಸಂಗತಿ ನನ್ನ ದರಪಟ್ಟಿಯನ್ನೇ ಬದಲಿಸಿತು. ಸಾಗಣೆ ಮತ್ತು ವಿಮೆ ಎರಡನ್ನೂ ಸೇರಿಸಿದ ಸಿಐಎಫ್ ದರವನ್ನು ನಾನು ಸಿದ್ಧ ಮಾಡಿಟ್ಟುಕೊಂಡಿದ್ದೆ; ಕೊಳ್ಳುವವರಿಗೆ ಅದು ಸುಲಭ ಎಂದುಕೊಂಡಿದ್ದೆ. ಆದರೆ ಆಮದಾಗುವ ಸರಕಿನ ಸಮುದ್ರ ವಿಮೆಯನ್ನು ತಮ್ಮ ದೇಶದ ವಿಮಾ ಕಂಪನಿಗಳಿಂದಲೇ ಮಾಡಿಸಬೇಕು ಎಂಬ ನಿಯಮವನ್ನು ಕೀನ್ಯಾ 2017ರಿಂದ ಕಟ್ಟುನಿಟ್ಟಾಗಿ ಜಾರಿ ಮಾಡಿದೆ. ಆದ್ದರಿಂದ ವಿಮೆ ಬಿಟ್ಟು ಸಾಗಣೆಯನ್ನಷ್ಟೇ ಸೇರಿಸಿದ ದರ ಕೊಡಿ, ಇಲ್ಲವಾದರೆ ಕೊಳ್ಳುವವರು ಎರಡು ಸಲ ವಿಮೆ ಕಟ್ಟಿದಂತಾಗುತ್ತದೆ ಎಂದು ಆ ಅಧಿಕಾರಿ ವಿವರಿಸಿದರು. ಇನ್‌ಕೋಟರ್ಮ್ಸ್ 2020ರ, ಅಂದರೆ ಸಾಗಣೆ, ವಿಮೆಗಳ ಹೊಣೆ ಮಾರುವವರದೋ ಕೊಳ್ಳುವವರದೋ ಎಂದು ಹೇಳುವ ಅಂತರರಾಷ್ಟ್ರೀಯ ನಿಯಮಾವಳಿಯ, ಹನ್ನೊಂದು ಷರತ್ತುಗಳನ್ನು ಬಾಯಿಪಾಠ ಮಾಡಿದವರಿಗೂ ಇದು ತಿಳಿದಿರುವುದಿಲ್ಲ, ಏಕೆಂದರೆ ಇದು ಷರತ್ತಿನ ವಿಷಯವಲ್ಲ, ಆ ದೇಶದ ಕಾನೂನಿನ ವಿಷಯ. ಹಾಗೆಯೇ ಸರಕು ಹಡಗು ಹತ್ತುವ ಮೊದಲೇ, ಅದು ಅಲ್ಲಿನ ಮಾನದಂಡಕ್ಕೆ ಹೊಂದುತ್ತದೆ ಎಂಬ ಪ್ರಮಾಣಪತ್ರವನ್ನು ರಫ್ತಾಗುವ ದೇಶದಲ್ಲೇ ತಪಾಸಣೆ ಮಾಡಿಸಿ ಪಡೆಯಬೇಕು ಎಂಬ 2005ರಿಂದ ನಡೆದುಬಂದ ವ್ಯವಸ್ಥೆಯನ್ನೂ, ಮರದ ಪೆಟ್ಟಿಗೆಗಳನ್ನು ಒಳತಿರುಳಿನವರೆಗೆ 56 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 30 ನಿಮಿಷ ಇರಿಸಿ ಮುದ್ರೆ ಹಾಕಿಸಬೇಕು ಎಂಬ ಅಂತರರಾಷ್ಟ್ರೀಯ ನಿಯಮವನ್ನೂ ಅಲ್ಲೇ ಹೇಳಿಕೊಟ್ಟರು.

ಮೂರನೆಯ ಸಭೆ ಶಿಷ್ಟಾಚಾರ, ಉಡುಪು, ವಿಸಿಟಿಂಗ್ ಕಾರ್ಡುಗಳಿಗೆ ಮೀಸಲಾಗಿತ್ತು. ಅದನ್ನು ಒಂದು ಪುಟದಲ್ಲಿ ಬರೆದು ಕಳುಹಿಸಿದ್ದರೂ ನಡೆಯುತ್ತಿತ್ತು.

ಇನ್ನು ಭೇಟಿಗಳ ಪಟ್ಟಿ. ನಿಯೋಗ ಗೆಲ್ಲುವುದೂ ಸೋಲುವುದೂ ಇಲ್ಲೇ ಎಂಬುದು ಈಗ ನನ್ನ ದೃಢವಾದ ಅಭಿಪ್ರಾಯ. ನನಗೆ ಗೊತ್ತುಮಾಡಿದ್ದ ಒಂಬತ್ತು ಭೇಟಿಗಳಲ್ಲಿ ಆರು ಹೊಂದಿಕೆಯಾಗುವಂಥವು; ಎರಡು ಕಡೆಯವರು ನಮ್ಮ ಬಗೆಯ ಯಂತ್ರದ ವ್ಯವಹಾರವನ್ನೇ ಮಾಡುವವರಲ್ಲ; ಇನ್ನೊಂದು ಕಡೆ ನಮ್ಮನ್ನು ಭೇಟಿಯಾದವರು ಕೊಳ್ಳುವ ನಿರ್ಧಾರ ಮಾಡುವ ಅಧಿಕಾರ ಇಲ್ಲದವರು. ಒಂಬತ್ತರಲ್ಲಿ ಆರು ಎಂದರೆ ಒಳ್ಳೆಯ ಫಲಿತಾಂಶವೇ. ಆದರೆ ಪಟ್ಟಿ ಕೈಗೆ ಬಂದದ್ದು ಹೊರಡುವ ನಾಲ್ಕು ದಿನ ಮೊದಲು. ಎರಡು ವಾರ ಮೊದಲು ಬಂದಿದ್ದರೆ ಆ ಮೂರು ಭೇಟಿಗಳನ್ನು ನಾನೇ ಬದಲಿಸಿಕೊಳ್ಳಬಹುದಿತ್ತು. ನಿಯೋಗಕ್ಕೆ ಸೇರಬಯಸುವವರು ಶುಲ್ಕ ಕಟ್ಟುವ ಮೊದಲು ಈ ಒಂದು ದಿನಾಂಕವನ್ನು ಬರಹದಲ್ಲಿ ಪಡೆದುಕೊಳ್ಳಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಇಡೀ ಪ್ರವಾಸದ ಮೌಲ್ಯ ನನಗೆ ತಿಳಿದದ್ದು ಐದನೆಯ ದಿನ, ಎಲ್ಡೊರೆಟ್‌ನಲ್ಲಿ. ನೈರೋಬಿಯಿಂದ ವಾಯವ್ಯಕ್ಕೆ ರಸ್ತೆಯಲ್ಲಿ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಈ ಊರು ಕೀನ್ಯಾದ ಮೆಕ್ಕೆಜೋಳದ ಕಣಜವೆನಿಸಿದ ಸೀಮೆಯಲ್ಲಿದೆ. ಹೆಚ್ಚಿನ ನಿಯೋಗಗಳು ರಾಜಧಾನಿ ಬಿಟ್ಟು ಕದಲುವುದಿಲ್ಲ. ನಮ್ಮ ಸಂಸ್ಥೆಯವರು ಕೃಷಿ ಯಂತ್ರದವರಾದ ನಮ್ಮ ನಾಲ್ವರಿಗಾಗಿ ಪ್ರತ್ಯೇಕ ವಾಹನ ಮಾಡಿ ಅಲ್ಲಿಗೆ ಕರೆದೊಯ್ದರು. ಅಲ್ಲಿನ ಗಿರಣಿ ಮಾಲೀಕರೊಬ್ಬರು ನನ್ನ ಕ್ಯಾಟಲಾಗನ್ನು ಎರಡು ನಿಮಿಷ ತಿರುವಿಹಾಕಿ, ‘ಈ ಯಂತ್ರವನ್ನು ಎಷ್ಟು ಎತ್ತರದ ಜಾಗಕ್ಕೆಂದು ಮಾಡಿದ್ದೀರಿ?’ ಎಂದು ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ. ಹದಿನಾರು ವರ್ಷಗಳಲ್ಲಿ ಯಾವ ಗಿರಾಕಿಯೂ ನನಗೆ ಆ ಪ್ರಶ್ನೆ ಕೇಳಿರಲಿಲ್ಲ.

ಎಲ್ಡೊರೆಟ್ ಸಮುದ್ರಮಟ್ಟದಿಂದ ಸುಮಾರು 2100 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿ ಸಮುದ್ರಮಟ್ಟದಲ್ಲಿರುವುದಕ್ಕಿಂತ ಸುಮಾರು ಐದನೆಯ ಒಂದು ಪಾಲು ತೆಳುವಾಗಿರುತ್ತದೆ. ನಮ್ಮ ಯಂತ್ರ ಹೊಟ್ಟನ್ನೂ ಜೊಳ್ಳನ್ನೂ ಬೇರ್ಪಡಿಸುವುದು ಬ್ಲೋವರ್ ಎಬ್ಬಿಸುವ ಗಾಳಿಯ ಬಲದಿಂದ. ಗಾಳಿ ತೆಳುವಾದಷ್ಟೂ ಅದೇ ವೇಗದಲ್ಲಿ ಅದು ಎತ್ತಬಲ್ಲ ಭಾರ ಕಡಿಮೆಯಾಗುತ್ತದೆ, ಜೊಳ್ಳು ಒಳ್ಳೆಯ ಕಾಳಿನ ಜೊತೆಯೇ ಉಳಿದುಬಿಡುತ್ತದೆ. ಸರಿಪಡಿಸಲು ಬ್ಲೋವರ್ ವೇಗವನ್ನು ಹತ್ತರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚಾಗಿ ಏರಿಸಬೇಕು. ವೇಗ ಏರಿಸಿದರೆ ಮೋಟಾರಿನ ಮೇಲಿನ ಹೊರೆಯೂ ಏರುತ್ತದೆ. ಸಾಮಾನ್ಯ ಮೋಟಾರುಗಳ ಶಕ್ತಿಯನ್ನು 1000 ಮೀಟರ್‌ವರೆಗಿನ ಎತ್ತರಕ್ಕೆ ನಿಗದಿ ಮಾಡಿರುತ್ತಾರೆ. ಅದಕ್ಕಿಂತ ಮೇಲೆ ತೆಳು ಗಾಳಿಯಲ್ಲಿ ಅವು ಸರಿಯಾಗಿ ತಣಿಯುವುದಿಲ್ಲ. ಇದೆಲ್ಲ ಪಠ್ಯಪುಸ್ತಕದಲ್ಲಿರುವ ವಿಷಯವೇ, ನಾನು ಓದಿದ್ದೂ ಹೌದು. ಮಾರಲು ಹೊರಟ ಊರಿಗೆ ಹೋಗಿ ನಿಲ್ಲುವವರೆಗೆ ಅದು ನನ್ನ ಯಂತ್ರಕ್ಕೂ ಅನ್ವಯಿಸುತ್ತದೆ ಎಂದು ಹೊಳೆದಿರಲಿಲ್ಲ. ಹಾಗೆಯೇ ಕಳುಹಿಸಿದ್ದರೆ ಮೊದಲ ಯಂತ್ರವೇ ಕೆಲಸ ಮಾಡದ ಯಂತ್ರ ಎಂಬ ಹೆಸರು ಪಡೆಯುತ್ತಿತ್ತು, ಆ ಸೀಮೆಯಲ್ಲಿ ನಮ್ಮ ಎರಡನೆಯ ಯಂತ್ರವನ್ನು ಯಾರೂ ಕೊಳ್ಳುತ್ತಿರಲಿಲ್ಲ.

ಅದೇ ಮಧ್ಯಾಹ್ನ ಇನ್ನೊಂದು ತಪ್ಪೂ ತಿಳಿಯಿತು. ನಮ್ಮ ಯಂತ್ರ ತ್ರೀ ಫೇಸ್ ವಿದ್ಯುತ್ತಿನದು. ಹಳ್ಳಿಯ ಕಡೆ ನಾವು ಕಂಡ ಚಿಕ್ಕ ಗೋದಾಮುಗಳಲ್ಲಿ ಇದ್ದದ್ದು 240 ವೋಲ್ಟ್ ಸಿಂಗಲ್ ಫೇಸ್ ಮಾತ್ರ. ನಾನು ಕೊಳ್ಳುವವರೆಂದು ಭಾವಿಸಿದ್ದ ದೊಡ್ಡ ಗಿರಣಿಗಳು ಆಗಲೇ ತಮಗೆ ಬೇಕಾದ ಭಾರಿ ಯಂತ್ರಗಳನ್ನು ಹಾಕಿಸಿಕೊಂಡಿದ್ದವು. ನಿಜವಾಗಿ ಯಂತ್ರ ಬೇಕಿದ್ದುದು ರೈತರ ಸಹಕಾರ ಗುಂಪುಗಳಿಗೆ, ಜೋಳವನ್ನು ಗೋದಾಮಿನಲ್ಲಿಟ್ಟು ರಸೀದಿ ಪಡೆದು ಬೆಲೆ ಬಂದಾಗ ಮಾರುವವರಿಗೆ. 2019ರಲ್ಲಿ ಬಂದ ಗೋದಾಮು ರಸೀದಿ ಕಾನೂನಿನ ವ್ಯವಸ್ಥೆಯಲ್ಲಿ ಧಾನ್ಯದ ದರ್ಜೆಯನ್ನು ನಿಗದಿಪಡಿಸಬೇಕಾಗುತ್ತದೆ. ಆದ್ದರಿಂದ ಚಿಕ್ಕದಾದ, ಎಳೆದುಕೊಂಡು ಹೋಗಬಹುದಾದ, ಸಿಂಗಲ್ ಫೇಸ್ ಅಥವಾ ಡೀಸೆಲ್ ಎಂಜಿನ್‌ನಲ್ಲಿ ನಡೆಯುವ ಯಂತ್ರಕ್ಕೆ ಅಲ್ಲಿ ಜಾಗವಿದೆ. ಜಿನೀವಾದ ಅಂತರರಾಷ್ಟ್ರೀಯ ವ್ಯಾಪಾರ ಕೇಂದ್ರದ ‘ಟ್ರೇಡ್ ಮ್ಯಾಪ್’ ಅಂಕಿಅಂಶಗಳನ್ನು ನಾನು ವಾರಗಟ್ಟಲೆ ಕೂತು ನೋಡಿದ್ದೆ. ಯಾವ ದೇಶದಿಂದ ಎಷ್ಟು ಯಂತ್ರ ಬರುತ್ತಿದೆ ಎಂಬುದು ಅದರಲ್ಲಿ ಚೆನ್ನಾಗಿ ತಿಳಿಯುತ್ತದೆ. ಆದರೆ ಇನ್ನೂ ಯಾರೂ ತಯಾರಿಸಿ ಕಳುಹಿಸದ ಯಂತ್ರ ಅಂಕಿಅಂಶದಲ್ಲಿ ಕಾಣಿಸುವುದಿಲ್ಲ.

‘ಎಮರ್ಜಿಂಗ್ ಮಾರ್ಕೆಟ್’ ಎಂಬ ಮಾತಿನ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಅದು 1981ರಲ್ಲಿ ವಿಶ್ವಬ್ಯಾಂಕ್ ಸಮೂಹದ ಅಂತರರಾಷ್ಟ್ರೀಯ ಹಣಕಾಸು ನಿಗಮದಲ್ಲಿದ್ದ ಆಂಟ್ವಾನ್ ವ್ಯಾನ್ ಆಗ್ಟ್‌ಮೀಲ್ ಅವರು ಷೇರು ಹೂಡಿಕೆದಾರರಿಗಾಗಿ ರೂಪಿಸಿದ ಪದ. ಹಣ ಹೂಡುವವರಿಗೆ ಹತ್ತಾರು ದೇಶಗಳನ್ನು ಒಂದೇ ಹೆಸರಿನಡಿ ನೋಡುವುದು ಅನುಕೂಲವಾಗಿರಬಹುದು. ಯಂತ್ರ ಮಾರುವವನಿಗೆ ನೈರೋಬಿಯೂ ಎಲ್ಡೊರೆಟ್ಟೂ ಒಂದೇ ಮಾರುಕಟ್ಟೆಯಲ್ಲ. ಸಮುದ್ರಮಟ್ಟದ ಮೊಂಬಾಸಾದಲ್ಲಿ ಚೆನ್ನಾಗಿ ಓಡುವ ಯಂತ್ರ ಎಲ್ಡೊರೆಟ್‌ನಲ್ಲಿ ಜೊಳ್ಳನ್ನು ಬಿಟ್ಟುಬಿಡುತ್ತದೆ.

ದೋಷಗಳಲ್ಲಿ ನನಗೆ ಹೆಚ್ಚು ನಷ್ಟ ತಂದದ್ದು ನಿಯೋಗದ ಸಮಯ. ಆ ಸೀಮೆಯಲ್ಲಿ ಮೆಕ್ಕೆಜೋಳದ ಮುಖ್ಯ ಕೊಯ್ಲು ಅಕ್ಟೋಬರ್‌ನಲ್ಲಿ ಆರಂಭವಾಗುತ್ತದೆ. ಅದಕ್ಕೆ ಬೇಕಾದ ಯಂತ್ರವನ್ನು ಕೊಳ್ಳುವವರು ಮಾರ್ಚ್, ಏಪ್ರಿಲ್ ಹೊತ್ತಿಗೆ ನಿರ್ಧರಿಸಿರಬೇಕು. ತಯಾರಿಕೆ, ತಪಾಸಣೆ, ಹಡಗು, ಮೊಂಬಾಸಾ ಬಂದರು, ಅಲ್ಲಿಂದ ಒಳನಾಡಿನ ಸಾಗಣೆ ಎಲ್ಲ ಸೇರಿ ತಿಂಗಳುಗಳೇ ಹಿಡಿಯುತ್ತವೆ. ನಾವು ಹೋದದ್ದು ಸೆಪ್ಟೆಂಬರ್‌ನಲ್ಲಿ, ಏಕೆಂದರೆ ನಿಯೋಗದ ಮುಂದಾಳಾಗಿ ಬರಬೇಕಿದ್ದ ಗಣ್ಯರಿಗೆ ಆಗಲೇ ಬಿಡುವಿತ್ತು. ಕೊಳ್ಳುವವರು ಸೌಜನ್ಯದಿಂದ ಮಾತನಾಡಿಸಿದರು, ಆದರೆ ಅವರ ಆ ವರ್ಷದ ಹಣ ಆಗಲೇ ಖರ್ಚಾಗಿತ್ತು. ಗಣ್ಯರಿದ್ದುದರಿಂದ ಕೆಲವು ಕಚೇರಿಗಳ ಬಾಗಿಲು ಬೇಗ ತೆರೆಯಿತು ಎಂಬುದನ್ನು ಒಪ್ಪುತ್ತೇನೆ. ಅಷ್ಟಕ್ಕಾಗಿ ಒಂದು ಕೊಯ್ಲಿನ ಕಾಲವನ್ನೇ ಕಳೆದುಕೊಳ್ಳುವುದು ಸಣ್ಣ ಉದ್ಯಮಕ್ಕೆ ತೀರಾ ದುಬಾರಿ.

ಎರಡನೆಯ ದೋಷ, ನಮ್ಮ ಹದಿನಾಲ್ಕು ಜನರಲ್ಲಿ ಇಬ್ಬರು ಒಂದೇ ಬಗೆಯ ನೀರಾವರಿ ಪಂಪು ಮಾರುವವರಿದ್ದುದು. ಇಬ್ಬರನ್ನೂ ಒಂದೇ ವಿತರಕರ ಬಳಿಗೆ ಒಂದೇ ದಿನ, ಅರ್ಧ ಗಂಟೆಯ ಅಂತರದಲ್ಲಿ ಕಳುಹಿಸಿದರು. ಎರಡನೆಯವರು ಒಳಹೋಗುವ ಹೊತ್ತಿಗೆ ಮೊದಲನೆಯವರ ದರ ವಿತರಕರ ಮೇಜಿನ ಮೇಲಿತ್ತು. ಆ ಇಬ್ಬರೂ ಒಳ್ಳೆಯವರು. ಮರಳುವಾಗ ಒಬ್ಬರ ಮುಖ ಒಬ್ಬರು ನೋಡಲಾಗದೆ ಕೂತಿದ್ದದ್ದು ನನಗೆ ಇನ್ನೂ ನೋವಿನ ನೆನಪು. ಇದನ್ನು ಆಯ್ಕೆಯ ಹಂತದಲ್ಲೇ ತಡೆಯಬಹುದಿತ್ತು. ಗುಂಪಿನ ಜೊತೆ ಹೋಗಲು ಮನಸ್ಸಿಲ್ಲದವರಿಗೆ ಒಂಟಿ ಉದ್ಯಮಕ್ಕಾಗಿಯೇ ಭೇಟಿಗಳನ್ನು ಗೊತ್ತುಮಾಡಿಕೊಡುವ ಸೇವೆಗಳೂ ಕೆಲವು ದೇಶಗಳಲ್ಲಿವೆ. ಅಮೆರಿಕದ ವಾಣಿಜ್ಯ ಇಲಾಖೆ ‘ಗೋಲ್ಡ್ ಕೀ’ ಎಂಬ ಹೆಸರಿನಲ್ಲಿ ತನ್ನ ರಫ್ತುದಾರರಿಗೆ ಇದನ್ನು ಒದಗಿಸುತ್ತದೆ. ಆದರೂ ಮೊದಲ ಸಲ ಹೋಗುವವರಿಗೆ ನಾನು ಗುಂಪನ್ನೇ ಸೂಚಿಸುತ್ತೇನೆ. ಸಂಜೆಯ ಹೊತ್ತು ಊಟದ ಮೇಜಿನಲ್ಲಿ ಹಳೆಯ ರಫ್ತುದಾರರೊಬ್ಬರು ತಮ್ಮ ಅನುಭವದಿಂದ ಹೇಳಿದ ಪಾವತಿ ಷರತ್ತುಗಳ ವಿಚಾರ ನನಗೆ ಯಾವ ಸಭೆಯಲ್ಲೂ ಸಿಕ್ಕಿರಲಿಲ್ಲ. ಚಿಕ್ಕ ಮೊತ್ತದ ಸರಕಿಗೆ ಲೆಟರ್ ಆಫ್ ಕ್ರೆಡಿಟ್ (ಕೊಳ್ಳುವವರ ಪರವಾಗಿ ಬ್ಯಾಂಕ್ ಕೊಡುವ ಪಾವತಿ ಖಾತರಿ) ತೆರೆಸಿದರೆ ಬ್ಯಾಂಕಿನ ಖರ್ಚೇ ಲಾಭವನ್ನು ತಿಂದುಹಾಕುತ್ತದೆ, ಮೂರನೆಯ ಒಂದು ಭಾಗ ಮುಂಗಡ ಪಡೆದು ಉಳಿದದ್ದಕ್ಕೆ, ಕೊಳ್ಳುವವರು ಹಣ ಕೊಡದಿದ್ದರೆ ನಷ್ಟ ತುಂಬುವ ರಫ್ತು ಸಾಲ ವಿಮೆ ಮಾಡಿಸಿಕೊಳ್ಳಿ ಎಂಬ ಅವರ ಸಲಹೆಯನ್ನು ನಾನು ಹಾಗೆಯೇ ಪಾಲಿಸಿದ್ದೇನೆ.

ಮೂರನೆಯ ದೋಷ ಮರಳಿದ ಮೇಲಿನದು. ನಿಯೋಗ ಮುಗಿದ ಆರು ವಾರಗಳವರೆಗೆ ಸಂಸ್ಥೆಯ ಸಿಬ್ಬಂದಿ ಕರೆಗಳಿಗೆ ತಕ್ಷಣ ಉತ್ತರಿಸುತ್ತಿದ್ದರು. ಆಮೇಲೆ ಅವರನ್ನು ಇನ್ನೊಂದು ದೇಶದ ನಿಯೋಗಕ್ಕೆ ಹಾಕಲಾಯಿತು, ಕಡತ ಹೊಸಬರ ಕೈಗೆ ಹೋಯಿತು. ನನಗೆ ನಿಜವಾಗಿ ನೆರವು ಬೇಕಾದದ್ದು ನಾಲ್ಕನೆಯ ತಿಂಗಳಲ್ಲಿ. ನಕುರುವಿನ ವಿತರಕರೊಬ್ಬರು ಇಡೀ ದೇಶಕ್ಕೆ ತಮ್ಮನ್ನೇ ಏಕಮಾತ್ರ ವಿತರಕರನ್ನಾಗಿ ಐದು ವರ್ಷಕ್ಕೆ ನೇಮಿಸಬೇಕು ಎಂದು ಕರಾರುಪತ್ರ ಕಳುಹಿಸಿದಾಗ, ಅವರು ಹಿಂದೆ ಇತರ ತಯಾರಕರೊಂದಿಗೆ ಹೇಗೆ ನಡೆದುಕೊಂಡಿದ್ದಾರೆ ಎಂದು ವಿಚಾರಿಸಿ ಹೇಳುವವರು ಬೇಕಿತ್ತು. ಸಂಸ್ಥೆಯಿಂದ ಉತ್ತರ ಬರಲು ಏಳು ವಾರ ಹಿಡಿಯಿತು. ಅಷ್ಟರಲ್ಲಿ ನಾನೇ ಎಲ್ಡೊರೆಟ್‌ನ ಆ ಗಿರಣಿ ಮಾಲೀಕರನ್ನು ಫೋನಿನಲ್ಲಿ ಕೇಳಿ, ಒಂದು ವರ್ಷಕ್ಕೆ, ಒಂದೇ ಸೀಮೆಗೆ, ಇಷ್ಟು ಯಂತ್ರ ಮಾರಲೇಬೇಕು ಎಂಬ ಷರತ್ತಿನೊಂದಿಗೆ ಆ ವಿತರಕರ ಜೊತೆ ಕರಾರು ಮಾಡಿಕೊಂಡೆ. ವ್ಯಾಜ್ಯ ಬಂದರೆ ಮಧ್ಯಸ್ಥಿಕೆಯಿಂದಲೇ ತೀರ್ಮಾನ ಎಂಬ ಸಾಲನ್ನೂ ಸೇರಿಸಿದೆ. ಮಧ್ಯಸ್ಥಿಕೆಯ ತೀರ್ಪನ್ನು ಹೊರದೇಶದಲ್ಲೂ ಜಾರಿ ಮಾಡಿಸಲು 1958ರ ನ್ಯೂಯಾರ್ಕ್ ಒಡಂಬಡಿಕೆ ದಾರಿ ಮಾಡಿಕೊಡುತ್ತದೆ, ಕೀನ್ಯಾ ಅದಕ್ಕೆ ಸೇರಿದ ದೇಶ.

ಹೋಟೆಲು, ಪ್ರಯಾಣ, ಸ್ವಾಗತ ಸಮಾರಂಭಗಳ ಬಗ್ಗೆ ದೂರಿಲ್ಲ. ಸಮಾರಂಭದ ಭಾಷಣಗಳು ದೀರ್ಘವಾದವು.

ಈಗಿನ ಸ್ಥಿತಿ ಹೀಗಿದೆ. ಬ್ಲೋವರ್ ಪುಲ್ಲಿ ಬದಲಿಸಿ, ಒಂದು ದರ್ಜೆ ದೊಡ್ಡದಾದ ಸಿಂಗಲ್ ಫೇಸ್ ಮೋಟಾರ್ ಕೂರಿಸಿ, ಚಕ್ರದ ಚೌಕಟ್ಟಿನ ಮೇಲೆ ನಿಲ್ಲಿಸಿದ ಮಾದರಿ ಯಂತ್ರವೊಂದು ಏಪ್ರಿಲ್‌ನಿಂದ ಎಲ್ಡೊರೆಟ್ ಬಳಿಯ ರೈತರ ಗುಂಪೊಂದರ ಗೋದಾಮಿನಲ್ಲಿದೆ. ಹಳೆಯ ದಾಸ್ತಾನಿನ ಮೇಲೆ ಅದನ್ನು ಓಡಿಸಿ ನೋಡಿದ ಮೇಲೆ ಮೂರು ಯಂತ್ರಗಳಿಗೆ ಬೇಡಿಕೆ ಬಂದಿದೆ. ಅವು ಈ ಅಕ್ಟೋಬರ್ ಕೊಯ್ಲಿಗೆ ತಲುಪಬೇಕು. ಮಾನದಂಡದ ಪ್ರಮಾಣಪತ್ರಕ್ಕಾಗಿ ತಪಾಸಣೆ ಮುಂದಿನ ವಾರ ನಡೆಯಲಿದೆ. ನಾಲ್ಕು ಯಂತ್ರಗಳ ಲಾಭದಿಂದ ನಿಯೋಗದ ಖರ್ಚು ಪೂರ್ತಿ ಹುಟ್ಟುವುದಿಲ್ಲ, ಆದರೆ ಹೊರಡುವಾಗ ಇಟ್ಟುಕೊಂಡಿದ್ದ ಅಳತೆಗೋಲಿನ ಪ್ರಕಾರ ನನಗೆ ಕೊಟ್ಟದ್ದಕ್ಕಿಂತ ಹೆಚ್ಚೇ ಸಿಕ್ಕಿದೆ. ತಯಾರಾದ ಉತ್ಪನ್ನವಿದ್ದು, ಅದನ್ನು ತಿದ್ದಲು ಸಿದ್ಧವಿರುವ ಸಣ್ಣ ತಯಾರಕರಿಗೆ ಈ ಸೇವೆಯನ್ನು ಧೈರ್ಯವಾಗಿ ಸೂಚಿಸುತ್ತೇನೆ. ಎಂಟು ದಿನಗಳಲ್ಲಿ ಬೇಡಿಕೆಪತ್ರ ಕೈಗೆ ಬರಬೇಕು ಎನ್ನುವವರಿಗೆ ಬೇಡ.

ಅದೇ ಸಂಸ್ಥೆ ಮುಂದಿನ ವರ್ಷ ಘಾನಾಕ್ಕೆ ನಿಯೋಗ ಒಯ್ಯುತ್ತಿದ್ದು, ಅರ್ಜಿ ನಮೂನೆ ಕಳುಹಿಸಿದೆ. ಭೇಟಿಗಳ ಪಟ್ಟಿ ಯಾವ ದಿನ ಕೈಸೇರುತ್ತದೆ, ಮರಳಿದ ಮೇಲೆ ಒಂದು ವರ್ಷ ನನ್ನ ಕಡತವನ್ನು ಯಾರು ನೋಡಿಕೊಳ್ಳುತ್ತಾರೆ, ದಿನಾಂಕ ಅಲ್ಲಿನ ಕೊಯ್ಲಿಗೆ ಎಷ್ಟು ತಿಂಗಳು ಮೊದಲಿನದು ಎಂದು ಕೇಳಿ ಬರೆದಿದ್ದೇನೆ. ಮೊದಲನೆಯದಕ್ಕೂ ಮೂರನೆಯದಕ್ಕೂ ಸಮಾಧಾನಕರವಾದ ಉತ್ತರ ಬಂದಿದೆ. ಎರಡನೆಯದರ ಉತ್ತರ ಬಂದ ದಿನ ಅರ್ಜಿ ತುಂಬುತ್ತೇನೆ.